ಒಟ್ಲಲ್ಲಿ ಪೈರೆಷ್ಟೈತೆ?

ಬ್ಯಾಂಕಿನಲ್ಲಿ ಕ್ಯೂ ನಿಂತಿದ್ದೀರಿ ಅನ್ನಿ. ಮೂಲೆಯ ಸಿಸಿಟಿವಿ ಪರದೆಯಲ್ಲಿ ನಡುನೆತ್ತಿ ಫಳಫಳ ಹೊಳೆಯುವ ಒಬ್ಬ ಆಸಾಮಿ ಕಾಣುತ್ತಾನೆ. ‘ಪಾಪ, ಯಾರ ಮನೆ ಮಗನೋ, ಇಷ್ಟು ಬೇಗ ಹೀಗಾಗಬಾರದಿತ್ತು’ ಎಂದು ಮರುಗುತ್ತಾ ಮೂಗು ಕೆರೆದುಕೊಳ್ಳುತ್ತೀರಿ. ಅವನೂ ಕೆರೆದುಕೊಳ್ಳುತ್ತಾನೆ. ಅಲ್ಲಿಗೆ ಮುಗಿಯಿತು ಕಥೆ. ಮನೆಯ ಕನ್ನಡಿ ದಾಕ್ಷಿಣ್ಯದ್ದು, ಎದುರಿನಿಂದ ಕಂಡದ್ದನ್ನಷ್ಟೇ ಹೇಳಿ ಸುಮ್ಮನಾಗುತ್ತದೆ. ಮೇಲಿನಿಂದ ನೋಡುವ ಕ್ಯಾಮೆರಾಕ್ಕೆ ಯಾರ ಮುಲಾಜೂ ಇಲ್ಲ.

ಆಮೇಲೆ ಶುರುವಾಗುವುದು ಅಪರಾಧಿಯ ಹುಡುಕಾಟ. ಬೆಂಗಳೂರಿನಲ್ಲಿ ಮೊದಲ ಆರೋಪಿ ಬೋರ್‌ವೆಲ್ ನೀರು. ಗಡಸು ನೀರಿಗೆ ಕೂದಲು ಒರಟಾಗುತ್ತದೆ, ತುಂಡಾಗುತ್ತದೆ, ಅಷ್ಟು ನಿಜ. ಆದರೆ ಹಣೆಯ ಎರಡೂ ಮೂಲೆಯಿಂದ ಅಳತೆ ಮಾಡಿದ ಹಾಗೆ ಒಳಕ್ಕೆ ಒತ್ತುವರಿ ಮಾಡುವ ವಿದ್ಯೆ ಅದಕ್ಕೆ ಗೊತ್ತಿಲ್ಲ. ಕಾವೇರಿ ನೀರು ಬರುವ ಬಡಾವಣೆಗೆ ಮನೆ ಬದಲಾಯಿಸಿದವರನ್ನು ನಾನು ಬಲ್ಲೆ. ಬಾಡಿಗೆ ಮೇಲೇರಿತು, ಕೂದಲಿನ ಗೆರೆಯೂ ಮೇಲೇರಿತು. ಎರಡನೇ ಆರೋಪಿ ಹೆಲ್ಮೆಟ್ಟು. ಮೂರನೆಯವರು ಕಂಪನಿಯ ಮ್ಯಾನೇಜರು. ಮೂವರನ್ನೂ ಸಾಕ್ಷ್ಯಾಧಾರದ ಕೊರತೆಯಿಂದ ಬಿಟ್ಟುಬಿಡಬೇಕಾಗುತ್ತದೆ.

ಗಂಡಸರ ಸಾಮಾನ್ಯ ಬೋಳು ವಂಶದ ಕೊಡುಗೆ. ಟೆಸ್ಟೊಸ್ಟೆರಾನ್ ಎಂಬ ಗಂಡು ಹಾರ್ಮೋನು ದೇಹದೊಳಗೇ ಡಿಎಚ್‌ಟಿ ಎಂಬ ಇನ್ನೊಂದಾಗಿ ಬದಲಾಗುತ್ತದೆ. ಕೆಲವರ ಮುಂದಲೆ, ನೆತ್ತಿಯ ಕೂದಲ ಬುಡಕ್ಕೆ ಅದು ಆಗಿಬರುವುದಿಲ್ಲ. ಬುಡ ವರ್ಷದಿಂದ ವರ್ಷಕ್ಕೆ ಕುಗ್ಗಿ, ಕೂದಲು ನೂಲಾಗಿ, ನೂಲು ರೋಮವಾಗಿ, ರೋಮವೂ ನಾಪತ್ತೆ. ಎಳೆಯ ವಯಸ್ಸಿನಲ್ಲೇ ಬೀಜ ತೆಗೆಸಿದವರು ಬೋಳಾಗುವುದಿಲ್ಲವೆಂದು ಹಿಪಾಕ್ರಟಿಸ್ ಕಾಲದಲ್ಲೇ ಗಮನಿಸಿದ್ದರು. 1942ರಲ್ಲಿ ಜೇಮ್ಸ್ ಹ್ಯಾಮಿಲ್ಟನ್ ಎಂಬ ಅಮೆರಿಕದ ವಿಜ್ಞಾನಿ ಬೋಳಿಗೂ ಗಂಡು ಹಾರ್ಮೋನಿಗೂ ಇರುವ ನಂಟನ್ನು ತೋರಿಸಿಕೊಟ್ಟರು. ಕೂದಲು ಉಳಿಸಿಕೊಳ್ಳಲು ಬೀಜ ತೆಗೆಸುವುದಕ್ಕಿಂತ ಖಾತ್ರಿಯಾದ ಚಿಕಿತ್ಸೆ ಇವತ್ತಿಗೂ ಬಂದಿಲ್ಲ. ಯಾರೂ ಅಪಾಯಿಂಟ್‌ಮೆಂಟ್ ಕೇಳುವುದಿಲ್ಲ, ಅಷ್ಟೆ.

ಈ ಹಾರ್ಮೋನಿಗೆ ಬಾಗಿಲು ತೆರೆಯುವ ಒಂದು ಮುಖ್ಯ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡುಮಗುವಿಗೆ ಅದು ಬರುವುದು ತಾಯಿಯಿಂದ. ಬೇರೆ ಜೀನ್‌ಗಳೂ ಬೇಕಾದಷ್ಟಿವೆ, ಅಪ್ಪನ ಕಡೆಯಿಂದಲೂ ಬರುತ್ತವೆ. ಆದರೆ ನಮ್ಮ ಭಾವನಿಗೆ ಮೊದಲಿನ ಅರ್ಧ ಸಿಕ್ಕಿದ್ದೇ ಸಾಕಾಯಿತು. ಭಾವ ಅಂದರೆ ನಮ್ಮಕ್ಕನ ಯಜಮಾನರು, ಮದ್ದೂರಿನ ಕಡೆ ಭತ್ತ, ಕಬ್ಬು ಮಾಡಿಕೊಂಡಿರುವವರು. ಅರವತ್ತೈದು ದಾಟಿದರೂ ಬಾಚಣಿಗೆ ಒಳಗೆ ಹೋದರೆ ಹೊರಗೆ ಬರಲು ದಾರಿ ಹುಡುಕಬೇಕು, ಅಂಥ ಕೂದಲು. ಅವರ ಮಗ, ನನ್ನ ಸೋದರಳಿಯ, ಬೆಂಗಳೂರಿನಲ್ಲಿ ಸಾಫ್ಟ್‌ವೇರಿನವನು. ಮೂವತ್ತೆರಡಕ್ಕೇ ಮುಂದಲೆ ಖಾಲಿ, ಮೇಲಾಗಿ ಮನೆಯಲ್ಲಿ ಹೆಣ್ಣು ಹುಡುಕುವ ಗಡಿಬಿಡಿ.

‘ನಮ್ ವಂಸ್ದಲ್ಲಿ ಇದ್ದಿಲ್ಲ ಕನಪ್ಪ. ಮದ್ವೇಲಿ ನಿಮ್ಮಪ್ಪ ಕೊಟ್ಟ ಉಂಗ್ರ ಸವ್ದೋಯ್ತು, ವಾಚು ನಿಂತೋಯ್ತು. ಇದೊಂದ್ ಮಾತ್ರ ಗಟ್ಟಿಯಾಗ್ ಉಳ್ಕತು’ ಎಂದು ಭಾವ ನನ್ನ ನೆತ್ತಿ ನೋಡುತ್ತಲೇ ಅಂದರು. ನಾರ್‌ವುಡ್ ಎಂಬ ವೈದ್ಯರು 1975ರಲ್ಲಿ ಗಂಡಸರ ಬೋಳನ್ನು ಏಳು ದರ್ಜೆಯಾಗಿ ವಿಂಗಡಿಸಿದ್ದಾರೆ. ಅಳಿಯ ಮೂರನೇ ಕ್ಲಾಸು. ನಾನು ಆರು ಪಾಸಾಗಿ ಏಳಕ್ಕೆ ಕಾಯುತ್ತಿದ್ದೇನೆ.

ಹುಡುಗನ ಬಯೋಡೇಟಾ ಫೋಟೋಗಳನ್ನು ನೋಡಬೇಕಿತ್ತು ನೀವು. ಮುಳ್ಳಯ್ಯನಗಿರಿಯಲ್ಲಿ ಟೋಪಿ, ಮಡಿಕೇರಿಯಲ್ಲಿ ಟೋಪಿ, ಗೋಕರ್ಣದ ಉರಿಬಿಸಿಲಲ್ಲಿ ಉಣ್ಣೆ ಟೋಪಿ. ಜೂಲಿಯಸ್ ಸೀಸರನಿಗೂ ಇದೇ ಕೊರಗಿತ್ತಂತೆ. ಸದಾಕಾಲ ಎಲೆಯ ಕಿರೀಟ ತೊಡುವ ಹಕ್ಕನ್ನು ಸೆನೆಟ್ಟು ಕೊಟ್ಟಾಗ, ಬಂದ ಬಿರುದುಬಾವಲಿಗಳಲ್ಲೆಲ್ಲ ಅದೊಂದನ್ನು ಬಲು ಇಷ್ಟಪಟ್ಟು ಬಳಸಿದನೆಂದು ಸ್ವೆಟೋನಿಯಸ್ ಬರೆದಿಟ್ಟಿದ್ದಾನೆ. ನಾನು ಸಮಾಧಾನಕ್ಕೆಂದು ರಾಜ್ ಬಿ. ಶೆಟ್ಟರ 2017ರ ‘ಒಂದು ಮೊಟ್ಟೆಯ ಕಥೆ’ ಸಿನಿಮಾ ಎತ್ತಿದೆ. ಬೋಳುತಲೆಯ ಕನ್ನಡ ಮೇಷ್ಟ್ರಿಗೆ ಹೆಣ್ಣು ಹುಡುಕುವ ಕಥೆ, ಹಿಂದಿಗೂ ಹೋಯಿತು. ‘ಮಾವ, ರಾಜ್ ಬಿ. ಶೆಟ್ಟರಿಗೆ ಆ ತಲೆಯಿಂದ ಹೆಸರು ಬಂತು. ನನಗೆ ಒಂದು ಇನ್‌ಕ್ರಿಮೆಂಟೂ ಬರಲ್ಲ’ ಅಂದ. ಹಾಗಾಗಿ ಕಸಿ ಮಾಡಿಸುವುದೆಂದು ತೀರ್ಮಾನವಾಯಿತು. ನಾಚಿಕೆಪಡುವಂಥದ್ದೇನಿಲ್ಲ ಅದರಲ್ಲಿ. ಫುಟ್‌ಬಾಲಿನ ವೇಯ್ನ್ ರೂನಿ 2011ರಲ್ಲಿ, ಇಪ್ಪತ್ತೈದರ ವಯಸ್ಸಿಗೇ ಮಾಡಿಸಿಕೊಂಡು, ತಾನೇ ಊರಿಗೆಲ್ಲ ಹೇಳಿಕೊಂಡಿದ್ದ.

ಅಳಿಯ ಎಂಜಿನಿಯರ್ ಅಲ್ಲವೆ, ಮೊದಲು ಎಕ್ಸೆಲ್ ಶೀಟ್ ಮಾಡಿದ. ಎಫ್‌ಯುಟಿ, ಎಫ್‌ಯುಇ, ಡಿಎಚ್‌ಐ, ಸಫೈರ್ ಎಫ್‌ಯುಇ, ಬಯೋ ಎಫ್‌ಯುಇ, ರೋಬೋಟಿಕ್, ಜೊತೆಗೆ ಒಂದೊಂದು ಕ್ಲಿನಿಕ್ಕಿನವರು ತಾವೇ ನಾಮಕರಣ ಮಾಡಿ ರಿಜಿಸ್ಟರ್ ಮಾಡಿಸಿಕೊಂಡ ಅಡ್ಡಹೆಸರುಗಳು. ರಾತ್ರಿಯೆಲ್ಲ ಕೂತು ಕಾಲಂ ತುಂಬಿಸಿದ. ಇರುವ ಕೂದಲಲ್ಲೂ ನಾಲ್ಕು ಉದುರಿರಬೇಕು.

ಬಿಡಿಸಿ ನೋಡಿದರೆ, ಕೂದಲು ತೆಗೆಯುವ ದಾರಿ ಎರಡೇ. ತಲೆಯ ಹಿಂಭಾಗದಿಂದ ಚರ್ಮದ ಉದ್ದನೆಯ ಪಟ್ಟಿಯನ್ನೇ ಕತ್ತರಿಸಿ ತೆಗೆದು, ಅಲ್ಲಿ ಹೊಲಿಗೆ ಹಾಕಿ, ಪಟ್ಟಿಯನ್ನು ಮೈಕ್ರೋಸ್ಕೋಪಿನ ಕೆಳಗೆ ಗ್ರಾಫ್ಟ್‌ಗಳಾಗಿ, ಅಂದರೆ ಬುಡಸಮೇತದ ಪುಟ್ಟ ಪುಟ್ಟ ಕೂದಲ ಗುಂಪುಗಳಾಗಿ, ಬಿಡಿಸಿದರೆ ಅದು ಎಫ್‌ಯುಟಿ. ಹಿಂದೆ ಗೆರೆಯಂಥ ಕಲೆ ಉಳಿಯುತ್ತದೆ, ಕೂದಲು ಉದ್ದ ಬಿಟ್ಟರೆ ಮುಚ್ಚಿಹೋಗುತ್ತದೆ. ಒಂದು ಮಿಲಿಮೀಟರಿನಷ್ಟೋ ಅದಕ್ಕೂ ಕಡಿಮೆಯೋ ಅಗಲದ ಪಂಚ್‌ನಿಂದ ಒಂದೊಂದೇ ಗ್ರಾಫ್ಟಿನ ಸುತ್ತ ಕೊರೆದು ಕಿತ್ತರೆ ಎಫ್‌ಯುಇ. ಇದಕ್ಕೆ ಹೊಲಿಗೆಯಿಲ್ಲ, ಚುಕ್ಕಿ ಚುಕ್ಕಿ ಕಲೆಗಳಿರುತ್ತವೆ. ‘ಕಲೆಯೇ ಇಲ್ಲದ ವಿಧಾನ’ ಎಂದು ಯಾರಾದರೂ ಬೋರ್ಡು ಹಾಕಿದ್ದರೆ ಅಲ್ಲಿ ಕಾಫಿ ಕುಡಿದು ಎದ್ದು ಬನ್ನಿ. ಚರ್ಮಕ್ಕೆ ತೂತು ಬಿದ್ದರೆ ಕಲೆಯಾಗದಿರಲು ಅದೇನು ಕೆರೆಯ ನೀರೆ?

ಉಳಿದ ಹೆಸರುಗಳೆಲ್ಲ ಹೆಚ್ಚುಕಡಿಮೆ ನೆಡುವ ಕಡೆಯ ಅಲಂಕಾರ. ಡಿಎಚ್‌ಐನಲ್ಲೂ ತೆಗೆಯುವುದು ಎಫ್‌ಯುಇ ರೀತಿಯಲ್ಲೇ. ತೆಗೆದದ್ದನ್ನು ಚೋಯ್ ಪೆನ್ ಎಂಬ ಸಾಧನಕ್ಕೆ ತುಂಬಿ, ಚುಚ್ಚುತ್ತಲೇ ಒಳಗೆ ಕೂರಿಸುತ್ತಾರೆ. ಸಫೈರ್ ಅಂದರೆ ಸೀಳು ಮಾಡುವ ಬ್ಲೇಡಿನ ತುದಿ ನೀಲಮಣಿಯದ್ದು. ಅದನ್ನು ನಿಮ್ಮ ತಲೆಯೊಳಗೆ ಬಿಟ್ಟುಕೊಡುವುದಿಲ್ಲ, ಶನಿದೋಷ ಪರಿಹಾರಕ್ಕೆ ಬೇರೆ ಕೊಳ್ಳಬೇಕು. ಬಯೋ ಅಂದರೆ ನಿಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪಿಆರ್‌ಪಿ ಎಂಬ ಅದರ ಪ್ಲಾಸ್ಮಾ ನಿಮಗೇ ಚುಚ್ಚಿ ನಿಮ್ಮಿಂದಲೇ ದುಡ್ಡು ಇಸಿದುಕೊಳ್ಳುವುದು. ರೋಬೋಟಿಗೆ ಅಮೆರಿಕದಲ್ಲಿ 2011ರಲ್ಲಿ ಅನುಮತಿ ಸಿಕ್ಕಿತು, ಅದು ಮಾಡುವುದೂ ಎಫ್‌ಯುಇಯನ್ನೇ.

ನಾವು ಹೋದ ಮೊದಲ ಕ್ಲಿನಿಕ್ಕು ಹೋಟೆಲಿನ ರಿಸೆಪ್ಷನ್ ಹಾಗೆ ಘಮಘಮಿಸುತ್ತಿತ್ತು. ಗೋಡೆ ತುಂಬ ‘ಮೊದಲು’, ‘ನಂತರ’ದ ಫೋಟೋಗಳು. ಹತ್ತಿರ ಹೋಗಿ ನೋಡಿದೆ. ‘ಮೊದಲು’ ಫೋಟೋದ ಮನುಷ್ಯನ ಕೂದಲು ಒದ್ದೆ, ತಲೆ ಬಗ್ಗಿದೆ, ನೆತ್ತಿಯ ಮೇಲೆ ಟ್ಯೂಬ್‌ಲೈಟು. ‘ನಂತರ’ದಲ್ಲಿ ಅವನೇ ತಲೆಯೆತ್ತಿ ನಕ್ಕಿದ್ದಾನೆ, ಕೂದಲು ಒಣಗಿಸಿ ಹಿಂದಿನಿಂದ ಮುಂದಕ್ಕೆ ಬಾಚಿದೆ, ಬೆಳಕು ಪಕ್ಕದಿಂದ. ಈ ಲೆಕ್ಕದಲ್ಲಿ ನನ್ನ ತಲೆಯನ್ನೂ ಅರ್ಧ ಗಂಟೆಯಲ್ಲಿ ರಿಪೇರಿ ಮಾಡಬಹುದು.

ಒಳಗೆ ಸಿಕ್ಕವರು ಡಾಕ್ಟರಲ್ಲ, ಕೌನ್ಸೆಲರ್. ಚುರುಕಾದ ಹುಡುಗಿ, ಕೋಟು, ಕೈಯಲ್ಲಿ ಟ್ಯಾಬ್. ಅಳಿಯನ ಹಣೆಯ ಮೇಲೆ ಕೆಂಪು ಮಾರ್ಕರ್‌ನಿಂದ ಸರಕ್ಕನೆ ಒಂದು ಗೆರೆ ಎಳೆದರು. ಹುಬ್ಬಿನಿಂದ ಮೂರು ಬೆರಳಿನ ದೂರಕ್ಕೆ, ಅಡ್ಡಪಟ್ಟಿ ಇಟ್ಟ ಹಾಗೆ ನೆಟ್ಟಗೆ. ಎಂಟನೇ ಕ್ಲಾಸಿನಲ್ಲೂ ಅವನಿಗೆ ಅಷ್ಟು ಕೆಳಗೆ ಕೂದಲಿರಲಿಲ್ಲ. ‘ನಾಲ್ಕೂವರೆ ಸಾವಿರ ಗ್ರಾಫ್ಟ್ ಸಾರ್, ಒಂದೇ ಸಿಟಿಂಗ್. ಇವತ್ತೇ ಬುಕ್ ಮಾಡಿದರೆ ಇಪ್ಪತ್ತು ಪರ್ಸೆಂಟ್ ಆಫ್, ಬಡ್ಡಿಯಿಲ್ಲದ ಇಎಂಐ, ಪಿಆರ್‌ಪಿ ಫ್ರೀ.’ ಆಮೇಲೆ ಅವರ ಕಣ್ಣು ನಿಧಾನವಾಗಿ ನನ್ನ ಕಡೆ ತಿರುಗಿ ಮೇಲಕ್ಕೆ ಹೋಯಿತು. ‘ಸಾರ್, ಫ್ಯಾಮಿಲಿ ಪ್ಯಾಕೇಜ್ ಕೂಡ ಇದೆ. ನಿಮ್ಮ ನಂಬರ್ ಕೊಟ್ಟಿರಿ.’ ಕೊಟ್ಟೆ. ಕೊಡದೆ ಇರಲು ಆಗುವ ಮುಖವಲ್ಲ ಅದು.

ಅಷ್ಟು ಹೊತ್ತು ಸುಮ್ಮನಿದ್ದ ಭಾವ ಕೆಮ್ಮಿದರು. ‘ಅಲ್ಲ ಕನವ್ವ, ಗದ್ದೆ ಅಳ್ದಾಯ್ತು. ಒಟ್ಲಲ್ಲಿ ಪೈರೆಷ್ಟೈತೆ ನೋಡುದ್ರಾ?’

ಒಟ್ಟಲು ಅಂದರೆ ನಾಟಿಗೆ ಮೊದಲು ಪೈರು ಬೆಳೆಸುವ ಮಡಿ. ಆ ಹುಡುಗಿಗೆ ಅರ್ಥವಾಗಲಿಲ್ಲ. ಅಳಿಯ ‘ಅಪ್ಪಾ, ಸ್ವಲ್ಪ ಸುಮ್ನಿರು’ ಎಂದು ಮೊಣಕೈ ತಿವಿದ. ಆದರೆ ಆ ಎಕ್ಸೆಲ್ ಶೀಟಿನ ಅಷ್ಟೂ ಕಾಲಂಗಳಲ್ಲಿ ಇಲ್ಲದ ಪ್ರಶ್ನೆ ಇದೊಂದೇ. ತಲೆಯ ಹಿಂಭಾಗ ಮತ್ತು ಪಕ್ಕದ ಕೂದಲು ಡಿಎಚ್‌ಟಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಎಂಥ ಬೋಳನಿಗೂ ಹಿಂದೆ ಅರ್ಧಚಂದ್ರದ ಹಾಗೆ ಉಳಿದಿರುತ್ತದಲ್ಲ, ಅದೇ. ಜಪಾನಿನ ಒಕುಡಾ ಎಂಬ ವೈದ್ಯರು 1939ರಲ್ಲೇ ಸಣ್ಣ ಪಂಚ್‌ನಿಂದ ಕೂದಲಿನ ಕಸಿ ಮಾಡಿ ಬರೆದಿಟ್ಟಿದ್ದರು, ಯುದ್ಧದ ಗಲಾಟೆಯಲ್ಲಿ ಹೊರಗಿನವರಿಗೆ ತಿಳಿಯಲಿಲ್ಲ. 1952ರಲ್ಲಿ ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಒರೆಂಟ್ರೈಕ್ ಹಿಂದಲೆಯ ಕೂದಲನ್ನು ಬೋಳು ನೆತ್ತಿಗೆ ನೆಟ್ಟರು. 1959ರಲ್ಲಿ ಅವರು ಪ್ರಕಟಿಸಿದ ತತ್ವವೇ ಈ ಇಡೀ ವ್ಯಾಪಾರದ ಅಡಿಪಾಯ: ಕಿತ್ತು ಬೇರೆ ಕಡೆ ನೆಟ್ಟರೂ ಕೂದಲು ತನ್ನ ಹುಟ್ಟೂರಿನ ಗುಣ ಬಿಡುವುದಿಲ್ಲ. ಆಗಿನ ಕಾಲದಲ್ಲಿ ನಾಲ್ಕು ಮಿಲಿಮೀಟರಿನಷ್ಟು ದಪ್ಪ ಗುಂಪು ಗುಂಪಾಗಿ ನೆಡುತ್ತಿದ್ದರು, ಗೊಂಬೆಯ ತಲೆ ಎಂದು ಜನ ನಗುತ್ತಿದ್ದರು. ಈಗ ಒಂದು, ಎರಡು, ಮೂರು ಕೂದಲಿನ ಸಹಜ ಗುಂಪುಗಳನ್ನೇ ನೆಡುತ್ತಾರೆ. ನಾಜೂಕು ಬಂದಿದೆ, ಲೆಕ್ಕ ಮಾತ್ರ ಬದಲಾಗಿಲ್ಲ. ಒಟ್ಟಲಲ್ಲಿ ಇರುವಷ್ಟೇ ಪೈರು. ಹೊಸ ಕೂದಲು ಎಲ್ಲೂ ಹುಟ್ಟುವುದಿಲ್ಲ, ಹಿಂದಿನದು ಮುಂದಕ್ಕೆ ಬರುತ್ತದೆ, ಅಷ್ಟೆ. ಇಡೀ ಆಯಸ್ಸಿಗೆ ಸಾಧಾರಣ ತಲೆಯೊಂದರಿಂದ ಐದಾರು ಸಾವಿರ ಗ್ರಾಫ್ಟು ಸಿಕ್ಕರೆ ಪುಣ್ಯ. ಮೂವತ್ತೆರಡಕ್ಕೇ ನಾಲ್ಕೂವರೆ ಸಾವಿರ ಕಿತ್ತು ಹಣೆಗೆ ಸುರಿದರೆ, ನಲವತ್ತೈದಕ್ಕೆ ನೆತ್ತಿ ಬರಿದಾದಾಗ ಎಲ್ಲಿಂದ ತರುವುದು? ಮೇಲಾಗಿ ಅತಿಯಾಗಿ ಕಿತ್ತ ಹಿಂದಲೆ ನುಸಿ ತಿಂದ ಕಂಬಳಿ.

‘ಐದು ಸಾವಿರ ಕೂದಲು ಗ್ಯಾರಂಟಿ’ ಎಂಬ ಜಾಹೀರಾತನ್ನೂ ಇದೇ ಜಾಡಿನಲ್ಲಿ ಓದಿ. ಒಂದು ಗ್ರಾಫ್ಟಿನಲ್ಲಿ ಸರಾಸರಿ ಎರಡಕ್ಕಿಂತ ತುಸು ಹೆಚ್ಚು ಕೂದಲು. ಐದು ಸಾವಿರ ಕೂದಲೆಂದರೆ ಎರಡು ಸಾವಿರದ ಇನ್ನೂರು, ಮುನ್ನೂರು ಗ್ರಾಫ್ಟು. ಮಾತಾಡುವಾಗ ಕೂದಲಿನ ಲೆಕ್ಕ, ಬಿಲ್ಲಿನಲ್ಲಿ ಗ್ರಾಫ್ಟಿನ ಲೆಕ್ಕ.

ಬಿಲ್ಲು ಅಂದ ಕೂಡಲೇ ನೆನಪಾಯಿತು. ಆರೋಗ್ಯ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆಯಲ್ಲ, ಆ 2017ರ ಅಧಿಸೂಚನೆಯಲ್ಲೇ ಕೂದಲು ಕಸಿಯನ್ನು ಹೆಸರು ಹಿಡಿದು ಕರೆದು ಹೊರಗಿಟ್ಟಿದ್ದಾರೆ. ಸುಟ್ಟಗಾಯವೋ ಅಪಘಾತವೋ ಆಗಿ ಕೂದಲು ಹೋಗಿದ್ದರೆ ಮಾತು ಬೇರೆ. ವಂಶದ ಬೋಳಿಗೆ ಶೇ. 18. ಗ್ರಾಫ್ಟಿಗೆ ಅರವತ್ತು ರೂಪಾಯಿಯಂತೆ ಎರಡು ಸಾವಿರಕ್ಕೆ 1,20,000. ಅದರ ಮೇಲೆ 21,600 ಸರ್ಕಾರಕ್ಕೆ. ಆರೋಗ್ಯ ವಿಮೆಯವರೂ ‘ಇದು ಚೆಂದಕ್ಕೆ ಮಾಡಿಸಿಕೊಳ್ಳುವುದು’ ಎಂದು ಕೈ ಆಡಿಸುತ್ತಾರೆ. ‘ಇರೋ ಕೂದ್ಲಿಗೆ ಎಣ್ಣೆ ಮ್ಯಾಲೆ ಟ್ಯಾಕ್ಸು, ಇಲ್ದಿದ್ ಕೂದ್ಲಿಗೂ ಟ್ಯಾಕ್ಸಾ!’ ಎಂದು ಭಾವ ದಂಗಾದರು. ಅವರ ತಲೆಗೆ ಇದುವರೆಗೆ ಸರ್ಕಾರದಿಂದ ಯಾವ ತೊಂದರೆಯೂ ಆಗಿರಲಿಲ್ಲ.

ಇಸ್ತಾಂಬುಲ್ ಮಾತೂ ಬಂತು. ಅಳಿಯನ ಗೆಳೆಯನೊಬ್ಬ ಜರ್ಮನಿಯಲ್ಲಿದ್ದಾನೆ, ಅಲ್ಲಿಂದ ಟರ್ಕಿಗೆ ಹಾರಿ ಮೂರು ದಿನದಲ್ಲಿ ತಲೆ ತುಂಬಿಸಿಕೊಂಡು ಬಂದ. ವಿಮಾನ ನಿಲ್ದಾಣದಿಂದ ಕಾರು, ಹೋಟೆಲು, ದುಭಾಷಿ, ಶಾಂಪೂ ಎಲ್ಲ ಸೇರಿ ಒಂದೇ ರೇಟು. ಅಲ್ಲಿ ಕೈಪಳಗಿದ ಒಳ್ಳೆಯ ವೈದ್ಯರಿದ್ದಾರೆ. ಅವರ ಹೆಸರು ತೋರಿಸಿ ಒಳಗೆ ಟೆಕ್ನಿಷಿಯನ್‌ಗಳಿಂದಲೇ ಎಲ್ಲ ಮಾಡಿಸಿ ಕಳಿಸುವ ಅಂಗಡಿಗಳೂ ಇವೆ. ಕೂದಲು ಕಸಿ ವೈದ್ಯರ ಅಂತರರಾಷ್ಟ್ರೀಯ ಸಂಘ ಐಎಸ್‌ಎಚ್‌ಆರ್‌ಎಸ್ ಇಂಥ ಅಂಗಡಿಗಳ ವಿರುದ್ಧ ಅಭಿಯಾನವನ್ನೇ ನಡೆಸುತ್ತಿದೆ. ನನ್ನ ತಕರಾರು ಬೇರೆ. ಆರನೇ ತಿಂಗಳಲ್ಲಿ ಏನಾದರೂ ಎಡವಟ್ಟು ಕಂಡರೆ ಇಸ್ತಾಂಬುಲ್‌ಗೆ ಮೆಜೆಸ್ಟಿಕ್‌ನಿಂದ ಬಸ್ಸಿಲ್ಲ.

ಇನ್ನು ತಮಾಷೆ ಬಿಟ್ಟು ಹೇಳಬೇಕಾದ ಒಂದು ಮಾತಿದೆ. 2016ರಲ್ಲಿ ಚೆನ್ನೈನಲ್ಲಿ ವೈದ್ಯಕೀಯ ಓದುತ್ತಿದ್ದ ಹುಡುಗನೇ ಕೂದಲು ಕಸಿಗೆ ಹೋಗಿ ಪ್ರಾಣ ಕಳೆದುಕೊಂಡ. 2025ರಲ್ಲಿ ಕಾನ್ಪುರದ ಇಬ್ಬರು ಎಂಜಿನಿಯರ್‌ಗಳ ಸಾವು ಸುದ್ದಿಯಾಯಿತು, ಹಲ್ಲಿನ ಡಾಕ್ಟರೊಬ್ಬರ ಮೇಲೆ ಕೇಸಾಯಿತು. ಗಂಟೆಗಟ್ಟಲೆ ಅರಿವಳಿಕೆ ಚುಚ್ಚಿಸಿಕೊಂಡು ಮಲಗುವ ಕೆಲಸ ಇದು. ಪ್ರಮಾಣ ಮೀರಿದರೆ, ಔಷಧಿ ಒಗ್ಗದಿದ್ದರೆ ಹೃದಯಕ್ಕೇ ಪೆಟ್ಟು. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಸೆಪ್ಟೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿ, ಪ್ಲಾಸ್ಟಿಕ್ ಸರ್ಜರಿಯೋ ಚರ್ಮರೋಗವೋ ಓದಿ ಶಸ್ತ್ರಕ್ರಿಯೆಯ ತರಬೇತಿ ಪಡೆದವರು ಇದನ್ನು ಮಾಡಬೇಕು, ಕಾರ್ಯಾಗಾರದಲ್ಲೋ ಯೂಟ್ಯೂಬಿನಲ್ಲೋ ನೋಡಿ ಕಲಿತದ್ದು ಸಾಲದು ಎಂದಿತು. ಯೂಟ್ಯೂಬ್ ಎಂದು ಹೆಸರು ಹಿಡಿದೇ ಬರೆಯಬೇಕಾಯಿತೆಂದರೆ ಪರಿಸ್ಥಿತಿ ಊಹಿಸಿ. ನಮ್ಮ ರಾಜ್ಯದಲ್ಲಿ 2007ರ ಕೆಪಿಎಂಇ ಕಾಯ್ದೆಯಡಿ ಖಾಸಗಿ ಕ್ಲಿನಿಕ್ಕುಗಳು ನೋಂದಣಿ ಮಾಡಿಸಲೇಬೇಕು, ಪ್ರಮಾಣಪತ್ರ ಕಣ್ಣಿಗೆ ಬೀಳುವ ಹಾಗೆ ತೂಗುಹಾಕಲೇಬೇಕು. ಸಿನಿಮಾ ನಟರ ಫೋಟೋ ನೋಡುವ ಮೊದಲು ಆ ಕಾಗದ ಎಲ್ಲಿದೆ ನೋಡಿ. ಕೊರೆಯುವವರು ಯಾರು, ಸೀಳು ಮಾಡುವವರು ಯಾರು, ಅವತ್ತೇ ಇನ್ನೆಷ್ಟು ಜನರಿಗೆ ಮಾಡುತ್ತಾರೆ, ಉಸಿರು ಕಟ್ಟಿದರೆ ಏನು ವ್ಯವಸ್ಥೆ ಎಂದು ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ನಿಮ್ಮ ಲಕ್ಷ ರೂಪಾಯಿ ಉಳಿಯಿತು.

ಕೊನೆಗೆ ನಮಗೆ ಒಪ್ಪಿಗೆಯಾದ ಕ್ಲಿನಿಕ್ಕು ಮೈಸೂರಿನದು. ಘಮಲಿಲ್ಲ, ಕೋಟಿಲ್ಲ. ಫ್ಯಾನು ಸದ್ದು ಮಾಡುತ್ತಿತ್ತು. ಚರ್ಮವೈದ್ಯೆ ತಾವೇ ಕೂತು ಮಾತಾಡಿದರು. ಮೊದಲು ಕೇಳಿದ್ದು ಯಾವ ವಿಧಾನ ಬೇಕು ಎಂದಲ್ಲ, ‘ನಿಮ್ಮ ತಾಯಿಯ ಅಣ್ಣತಮ್ಮಂದಿರ ತಲೆ ಹೇಗಿದೆ?’ ಎಂದು. ಭಾವ ನನ್ನ ಭುಜ ಹಿಡಿದು ಅರ್ಧ ಸುತ್ತು ತಿರುಗಿಸಿ ತೋರಿಸಿದರು. ಸಾಕ್ಷಿ ನಂಬರ್ ಒಂದು.

ಆಮೇಲೆ ಅಳಿಯನ ಹಿಂದಲೆಯ ಮೇಲೆ ಪುಟ್ಟ ಕ್ಯಾಮೆರಾವೊಂದನ್ನು ಒತ್ತಿ ಹಿಡಿದರು. ಪರದೆಯ ಮೇಲೆ ಚರ್ಮ ದೊಡ್ಡದಾಗಿ ಬಂತು. ನಸುಗೆಂಪು ನೆಲದಲ್ಲಿ ಕೂದಲುಗಳು ಒಂಟಿಯಾಗಿ, ಜೋಡಿಯಾಗಿ, ಮೂರು ಮೂರಾಗಿ ಎದ್ದು ನಿಂತಿದ್ದವು. ಭಾವ ಕುರ್ಚಿಯಿಂದೆದ್ದು ಕನ್ನಡಕ ಸರಿಪಡಿಸಿಕೊಂಡು ಪರದೆಯ ಹತ್ತಿರ ಹೋಗಿ ಬೆರಳಿಟ್ಟು ಎಣಿಸತೊಡಗಿದರು. ‘ಒತ್ತು ಪರ್ವಾಗಿಲ್ಲ ಕಣಮ್ಮ. ಕಡ್ಡಿ ದಪ್ಪ ಐತೆ.’ ಡಾಕ್ಟರಮ್ಮ ನಕ್ಕು, ‘ನಾನೂ ಅದನ್ನೇ ನೋಡುತ್ತಿರೋದು ಯಜಮಾನ್ರೆ’ ಅಂದರು. ಕೂದಲು ದಪ್ಪಗಿದ್ದರೆ ಕಡಿಮೆ ಗ್ರಾಫ್ಟಿನಲ್ಲೂ ತಲೆ ತುಂಬಿದಂತೆ ಕಾಣುತ್ತದೆ. ಎಷ್ಟು ಒತ್ತಾಗಿ ನೆಡುತ್ತೀರಿ ಎಂದು ಭಾವ ಕೇಳಿದರು. ಹುಟ್ಟಾ ಇರುವ ಒತ್ತಿನ ಅರ್ಧದಷ್ಟು ನೆಟ್ಟರೂ ಕಣ್ಣಿಗೆ ಸಾಕು, ತೀರಾ ಒತ್ತಿದರೆ ರಕ್ತ ಸಾಲದೆ ಸಾಯುತ್ತವೆ ಎಂಬ ಉತ್ತರ ಬಂತು. ‘ಅದು ನ್ಯಾಯವಾದ್ ಮಾತು’ ಎಂದು ಭಾವ ಕೂತರು. ಆ ಕ್ಷಣಕ್ಕೆ ಕ್ಲಿನಿಕ್ಕು ಗೊತ್ತಾದ ಹಾಗೆಯೇ.

ಆದರೆ ಡಾಕ್ಟರಮ್ಮ ದಿನ ಕೊಡಲಿಲ್ಲ! ‘ಇರೋ ಕೂದಲು ಇನ್ನೂ ಉದುರುತ್ತಾ ಇದೆ. ಮೊದಲು ಅದನ್ನು ನಿಲ್ಲಿಸೋಣ, ಒಂದು ವರ್ಷ ಮಾತ್ರೆ, ಲೋಷನ್ನು. ಆಮೇಲೆ ಬನ್ನಿ’ ಅಂದರು. ನೆಟ್ಟದ್ದು ಉಳಿಯುತ್ತದೆ, ಅದರ ಹಿಂದಿನ ಮೂಲ ಕೂದಲು ಹೋಗುತ್ತಲೇ ಇರುತ್ತದೆ. ಸುಮ್ಮನೆ ಬಿಟ್ಟರೆ ಹಣೆಯ ಮೇಲೊಂದು ದ್ವೀಪ, ಹಿಂದೆ ಬರೀ ಬಯಲು. ಮಿನಾಕ್ಸಿಡಿಲ್ ಮೊದಲು ಬಿಪಿ ಮಾತ್ರೆ. ನುಂಗಿದವರ ಕೈ, ಕೆನ್ನೆಯಲ್ಲೆಲ್ಲ ಕೂದಲು ಬರುವುದನ್ನು ಕಂಡು, 1988ರಲ್ಲಿ ಅಮೆರಿಕದವರು ತಲೆಗೆ ಹಚ್ಚುವ ಔಷಧಿಯಾಗಿ ಒಪ್ಪಿದರು. ಫಿನಾಸ್ಟರೈಡ್ ಮುದುಕರ ಪ್ರಾಸ್ಟೇಟಿನ ಮಾತ್ರೆ, 1997ರಲ್ಲಿ ಒಂದು ಮಿಲಿಗ್ರಾಂ ಅಳತೆಯಲ್ಲಿ ಕೂದಲಿಗೆ ಬಂತು. ಕೆಲವರಿಗೆ ದಾಂಪತ್ಯದ ಉತ್ಸಾಹ ತಗ್ಗಿಸುವ ಅಡ್ಡಪರಿಣಾಮ ಇದಕ್ಕಿದೆ. ಡಾಕ್ಟರಮ್ಮ ಅದನ್ನು ಮುಚ್ಚಿಡದೆ ವಿವರಿಸುವಾಗ ಅಪ್ಪ, ಮಗ, ಮಾವ ಮೂವರೂ ಒಟ್ಟಿಗೆ ಫ್ಯಾನು ನೋಡುತ್ತಿದ್ದೆವು.

ಒಬ್ಬರು ಇವತ್ತೇ ಬುಕ್ ಮಾಡಿ ಅಂದವರು, ಇನ್ನೊಬ್ಬರು ವರ್ಷ ಬಿಟ್ಟು ಬನ್ನಿ ಅಂದವರು. ಅಳಿಯ ಎಕ್ಸೆಲ್ ಶೀಟ್ ಡಿಲೀಟ್ ಮಾಡಿದ. ಮಾತ್ರೆ ನುಂಗಿದ, ಕಾದ. ಈ ನಡುವೆ ಟೋಪಿಯಿಲ್ಲದ ಫೋಟೋ ನೋಡಿಯೂ ಒಬ್ಬಳು ಒಪ್ಪಿಕೊಂಡಳು. ಹಾಗಿದ್ದ ಮೇಲೆ ಕಸಿ ಯಾಕೆ ಎಂದು ನಾನು ಕೇಳಿದ್ದಕ್ಕೆ, ‘ಮಾವ, ಅಡ್ವಾನ್ಸ್ ಕೊಟ್ಟಾಗಿದೆ’ ಅಂದ.

ನಾಟಿಯ ದಿನ ಭಾವ ಹಾಜರಿದ್ದರು. ಅರಿವಳಿಕೆಯ ಸೂಜಿ ಚುಚ್ಚುವಾಗ ಹುಡುಗ ಒಮ್ಮೆ ಕೂಗಿದ್ದು ಹೊರಗೆ ಕೇಳಿಸಿತು, ಆಮೇಲೆ ನೋವಿಲ್ಲ. ಬೆಳಿಗ್ಗೆಯೆಲ್ಲ ಬೋರಲು ಮಲಗಿಸಿ ಕಿತ್ತರು. ಮಧ್ಯಾಹ್ನ ಮೊಸರನ್ನ ತಿನ್ನಿಸಿ, ಅಂಗಾತ ಮಲಗಿಸಿ ನೆಟ್ಟರು. ನಡುವೆ ಮಾಸ್ಕು, ಟೋಪಿ ಹಾಕಿಸಿ ಭಾವನನ್ನು ಬಾಗಿಲ ತನಕ ಬಿಟ್ಟರು. ಗಾಜಿನ ತಟ್ಟೆಗಳಲ್ಲಿ ತಣ್ಣನೆಯ ಸಲೈನಿನಲ್ಲಿ ನೆನೆದ ಗಾಜ್ ಬಟ್ಟೆ, ಅದರ ಮೇಲೆ ಹತ್ತು ಹತ್ತರ ಸಾಲಿನಲ್ಲಿ ಗ್ರಾಫ್ಟುಗಳು. ಒಂಟಿಯವು ಒಂದು ತಟ್ಟೆಯಲ್ಲಿ, ಜೋಡಿ ಇನ್ನೊಂದರಲ್ಲಿ, ಮೂರರವು ಮತ್ತೊಂದರಲ್ಲಿ. ಹಣೆಯ ಅಂಚಿಗೆ ಒಂಟಿಯವು, ಹಿಂದಕ್ಕೆ ಹೋದಂತೆ ಜೋಡಿ. ಅಂಚೂ ನೆಟ್ಟಗಿರಬಾರದು, ಅಲ್ಲಲ್ಲಿ ಸೊಟ್ಟಗಿದ್ದರೇ ಹುಟ್ಟಿದ ಕೂದಲಿನ ಹಾಗೆ ಕಾಣುವುದು. ಹೊರಗೆ ಬಂದ ಭಾವ ನನಗೆ ವರದಿ ಒಪ್ಪಿಸಿದರು. ‘ಒಣಗಕ್ ಬಿಟ್ಟಿಲ್ಲ. ಬೇರು ಮುರ್ದಿಲ್ಲ. ಕೂಲಿ ಜಾಸ್ತಿಯಾಯ್ತು, ಆದ್ರೆ ಕೆಲ್ಸ ಅಚ್ಚುಕಟ್ಟು.’

ಮೂರನೇ ದಿನ ಹಣೆ, ಕಣ್ಣು ಊದಿಕೊಂಡವು. ಕುಳಿತಂತೆಯೇ ಒರಗಿ ಮಲಗಬೇಕು, ಹೆಲ್ಮೆಟ್ ಮುಟ್ಟಬಾರದು. ಅಳಿಯ ವಾರಗಟ್ಟಲೆ ಆಟೋದಲ್ಲಿ ಓಡಾಡಿದ, ಅದರ ಖರ್ಚು ಯಾವ ಪ್ಯಾಕೇಜಿನಲ್ಲೂ ಇರಲಿಲ್ಲ. ಮೂರನೇ ವಾರ ನೆಟ್ಟ ಕೂದಲೆಲ್ಲ ಉದುರತೊಡಗಿತು. ಅಕ್ಕ ಫೋನಿನಲ್ಲೇ ಅಳಲು ಶುರು. ಇದು ಎಲ್ಲರಿಗೂ ಆಗುವುದು, ಕಡ್ಡಿ ಉದುರುತ್ತದೆ, ಬೇರು ಒಳಗಿರುತ್ತದೆ, ಮೂರು ನಾಲ್ಕು ತಿಂಗಳಿಗೆ ಮೊಳೆಯುತ್ತದೆ, ಪೂರ್ತಿ ಕಾಣಲು ವರ್ಷ ಬೇಕು ಎಂದು ಡಾಕ್ಟರಮ್ಮ ಬರೆದುಕೊಟ್ಟಿದ್ದ ಕಾಗದವನ್ನು ನಾನು ಓದಿ ಹೇಳಿದೆ. ಭಾವ ಫೋನು ಕಿತ್ತುಕೊಂಡು, ‘ನಾಟಿ ಹಾಕುದ್ ಮ್ಯಾಲೆ ಪೈರು ವಾರ ಹಳದಿ ತಿರುಗಲ್ವೇನೆ? ನಲವತ್ತೊರ್ಸ ಗದ್ದೇಗೆ ಬುತ್ತಿ ತಂದಿದ್ದೀಯೆ!’ ಎಂದು ಒಂದೇ ಮಾತಿಗೆ ಸುಮ್ಮನಾಗಿಸಿದರು.

ಐದನೇ ತಿಂಗಳಿಗೆ ಹಣೆಯ ಮೇಲೆ ಹಸುರು, ಅಂದರೆ ಕಪ್ಪು, ಕಾಣಿಸಿತು. ಮದುವೆಯ ಹೊತ್ತಿಗೆ ಪೇಟದ ಕೆಳಗೆ ಒಂದು ಕುಚ್ಚು ಬೇಕೆಂದೇ ಹೊರಗೆ ಬಿಟ್ಟಿದ್ದ. ಮದುವೆ ಮುಗಿದ ಮಾರನೆಯ ದಿನ ಅಕ್ಕ ಮೆಲ್ಲಗೆ ಹರಕೆಯ ವಿಷಯ ತೆಗೆದಳು: ಮಗನಿಗೆ ಕಂಕಣ ಕೂಡಿಬಂದರೆ ತಿರುಪತಿಯಲ್ಲಿ ಅವನ ಮುಡಿ ಕೊಡಿಸುವುದಾಗಿ ಹೇಳಿಕೊಂಡಿದ್ದಾಳಂತೆ! ಒಂದೂವರೆ ಲಕ್ಷದ ಬೆಳೆ, ಟಿಟಿಡಿ ಹರಾಜಿಗೆ! ಅಳಿಯ ಕುಸಿದು ಕೂತ. ಡಾಕ್ಟರಮ್ಮನಿಗೆ ಫೋನು ಮಾಡಿದೆವು. ವರ್ಷ ತುಂಬಿದ ಮೇಲೆ ಧಾರಾಳವಾಗಿ ಕೊಡಿ, ಕತ್ತಿ ಬೇರು ಮುಟ್ಟುವುದಿಲ್ಲ, ಮತ್ತೆ ಬರುತ್ತದೆ ಎಂದರು. ತಿಮ್ಮಪ್ಪನಿಗೆ ವಾಯಿದೆ ಕೇಳಿಕೊಂಡಿದ್ದೇವೆ.

ಆ ಘಮಘಮ ಕ್ಲಿನಿಕ್ಕಿನ ಹುಡುಗಿ ಮಾತ್ರ ನನ್ನನ್ನು ಕೈಬಿಟ್ಟಿಲ್ಲ. ಯುಗಾದಿ ಆಫರ್, ಗಣೇಶ ಹಬ್ಬದ ಆಫರ್, ತಪ್ಪದೆ ಫೋನು. ಮೊನ್ನೆ ವರಮಹಾಲಕ್ಷ್ಮಿ ಹಬ್ಬಕ್ಕೆ ಅಕ್ಕನ ಮನೆಯಲ್ಲಿದ್ದಾಗ ಬಂತು. ಸ್ಪೀಕರ್ ಹಾಕಿ ಭಾವನ ಕೈಗೆ ಕೊಟ್ಟೆ.

‘ನಮ್ ಬಾಮೈದಂಗಾ? ಅವನ್ ಒಟ್ಲೇ ಒಣಗೋಗದೆ ಕನವ್ವ. ಎಲ್ಲಿಂದ ಕೀಳ್ತೀರ?’

‘ತೊಂದರೆ ಇಲ್ಲ ಸಾರ್, ಗಡ್ಡದಿಂದ ತೆಗೀಬಹುದು. ಸಾಲದಿದ್ದರೆ ಎದೆಯಿಂದಲೂ ತೆಗೀತೀವಿ.’

ಭಾವ ಫೋನಿನ ಮೇಲೆ ಅಂಗೈ ಅಡ್ಡ ಹಿಡಿದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

‘ಅಂಗಿ ಬಿಚ್ಚಯ್ಯ, ನೋಡಾನ.’